ಓಕಿ ಪ್ರಾಪ್ಸ್ಟ್ ರಸ್ತೆಯ ಡೆಲ್ಫಿಯಾ

ಡೆಲ್ಫಿಯಾ ಟೀಟರಳ ಮೂಗು ಹುಟ್ಟಿದಾಗ ನೆಟ್ಟಗೇ ಇತ್ತಂತೆ. ಎಂಬತ್ತು ವರ್ಷ ಊರಿನವರನ್ನೆಲ್ಲ ನೋಡಿ ಮುರಿದೂ ಮುರಿದೂ ಅದು ಸೊಟ್ಟಗಾಯಿತು ಅನ್ನುವುದು ನಮ್ಮ ಕಡೆಯ ಮಾತು. ಶಾಲೆಯ ಅಡುಗೆಮನೆಯಲ್ಲಿ ಅವಳು ಅರ್ಧ ಆಯುಷ್ಯ ಕಳೆದಳು. ನಮ್ಮ ಕಣಿವೆಯಲ್ಲಿ ಇವತ್ತು ಟ್ರಕ್ ಓಡಿಸುವವರು, ಮರ ಕಡಿಯುವವರು, ಬ್ಯಾಂಕಿನಲ್ಲಿ ಕೂರುವವರು ಎಲ್ಲರೂ ಅವಳ ಕೈಯಿಂದ ಬೀನ್ಸು, ಜೋಳದ ರೊಟ್ಟಿ ತಿಂದೇ ಬೆಳೆದವರು. ತಟ್ಟೆಗೆ ಹಾಕುವಾಗ ಒಂದು ಸೌಟು ಬೀನ್ಸು, ಜೊತೆಗೆ ಒಂದು ಮಾತು. "ತಿನ್ನು. ನಿಮ್ಮಪ್ಪನೂ ಹೀಗೇ ಅಂಗಿ ಮೇಲೆಲ್ಲ ಚೆಲ್ಕೊಂಡು ತಿಂತಿದ್ದ, ನೀನೇನು ಮಹಾ." ಹಸಿವಿಗಿಂತ ಅವಳ ನಾಲಗೆಗೆ ಹೆದರಿ ಮಕ್ಕಳು ಊಟ ಮುಗಿಸುತ್ತಿದ್ದವು.

ಅವಳಿಗೆ ಪಾದ್ರಿ ಅಂದರೆ ಸಸಾರ, ಕಾಗದ ನೋಡಿಕೊಂಡು ಉಪದೇಶ ಓದುತ್ತಾನೆಂದು. ಡಾಕ್ಟರು ಅಂದರೆ ಸಸಾರ, ಪೇಟೆಯಲ್ಲಿ ಮನೆ ಮಾಡಿದ್ದಾನೆಂದು. ಸರ್ಕಾರವಂತೂ ಅವಳ ಕಾಲ ಕಸ. ಆದರೆ ಈ ಎಲ್ಲ ತಿರಸ್ಕಾರಗಳನ್ನು ಒಟ್ಟು ಮಾಡಿ ತೂಗಿದರೂ ಓಕಿ ಪ್ರಾಪ್ಸ್ಟನ ಮೇಲೆ ಅವಳಿಗಿದ್ದ ತಿರಸ್ಕಾರದ ಮುಂದೆ ಹಗುರವೇ. ಓಕಿ ಬೇರೆ ಯಾರೂ ಅಲ್ಲ, ಅವಳ ಒಬ್ಬಳೇ ತಂಗಿ ಐಸಿಯ ಗಂಡ.

ವಿಷಯ ಒಂದು ತಗಡಿನ ಹಲಗೆಯದು. ವೆಸ್ಟ್ ವರ್ಜೀನಿಯಾದ ಈ ಬೆಟ್ಟಗಳಲ್ಲಿ ಹಿಂದೆ ರಸ್ತೆಗಳಿಗೆ ಹೆಸರು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಗಿರಣಿ ದಾಟಿ, ಸಿಡಿಲು ಹೊಡೆದ ಓಕ್ ಮರದ ಹತ್ತಿರ ಎಡಕ್ಕೆ ತಿರುಗು ಅಂದರೆ ಮುಗಿಯಿತು. ಆಮೇಲೆ ಆಂಬುಲೆನ್ಸು ದಾರಿ ತಪ್ಪುತ್ತದೆ ಅನ್ನುವ ನೆಪ ಹೇಳಿ ಕೌಂಟಿಯವರು, ಅಂದರೆ ಜಿಲ್ಲೆಯ ಆಡಳಿತದವರು, ಪ್ರತಿ ಕೊರಕಲು ದಾರಿಗೂ ಹೆಸರು, ಪ್ರತಿ ಮನೆಗೂ ನಂಬರು ಅಂಟಿಸಲು ಹೊರಟರು. ಅದಕ್ಕೊಂದು ಸಮಿತಿ. ಸಮಿತಿ ಅಂದಮೇಲೆ ಓಕಿ ಇರದೆ ಇರುತ್ತಾನೆಯೇ? ಐದು ಜನ ಸೇರಿದ ಕಡೆಯಲ್ಲೆಲ್ಲ ಕುರ್ಚಿ ಎಳೆದುಕೊಂಡು ನಡುವೆ ಕೂರುವ ಪೈಕಿ ಅವನು.

ಆ ದಾರಿಯನ್ನು ಹೇಸರಗತ್ತೆ ಕಟ್ಟಿ, ಕಲ್ಲು ಒಡೆದು ಮಾಡಿದವನು ಡೆಲ್ಫಿಯಾಳ ಅಪ್ಪ ಈನಸ್ ಹಾರ್ಪರ್. ಅಲ್ಲಿರುವುದು ಎರಡೇ ಮನೆ, ಕೆಳಗೆ ಓಕಿ ಮತ್ತು ಐಸಿ, ಮೇಲೆ ಡೆಲ್ಫಿಯಾ. ಈನಸ್ ಹಾರ್ಪರ್ ರಸ್ತೆ ಅಂತಲೇ ಹೆಸರು ಬರುತ್ತದೆ, ಅದರಲ್ಲಿ ಕೇಳುವುದೇನಿದೆ ಎಂದು ಡೆಲ್ಫಿಯಾ ಸಭೆಗೂ ಹೋಗಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ತಿರುವಿನಲ್ಲಿ ಹಸಿರು ಹಲಗೆ ನಿಂತಿದೆ, ಅದರ ಮೇಲೆ ಬಿಳಿ ಅಕ್ಷರದಲ್ಲಿ ಓಕಿ ಪ್ರಾಪ್ಸ್ಟ್ ರಸ್ತೆ. ಕೇಳಿದ್ದಕ್ಕೆ ಓಕಿ, "ರಸ್ತೇಲಿ ಮೊದಲನೇ ಮನೆ ನಂದಲ್ವಾ" ಅಂದ. ಎಂಥ ಧಿಮಾಕು ನೋಡಿ.

"ತಗಡು ಕಣೇ ಅಕ್ಕಾ ಅದು. ತಗಡಿಗ್ಯಾಕೆ ಇಷ್ಟು ಹೊಟ್ಟೆ ಉರ್ಕೋತೀಯಾ?" ಎಂದು ಐಸಿ ನಕ್ಕಳು. ನಕ್ಕದ್ದೇ ತಪ್ಪಾಯಿತು. ಅವತ್ತಿನಿಂದ ಡೆಲ್ಫಿಯಾ ತಂಗಿಯ ಜೊತೆ ಮಾತು ಬಿಟ್ಟಳು. ಇಪ್ಪತ್ತು ವರ್ಷಕ್ಕೂ ಮೇಲೆ, ಒಂದೇ ದಾರಿಯಲ್ಲಿ ಓಡಾಡಿಕೊಂಡು, ಒಂದೇ ಚರ್ಚಿನಲ್ಲಿ ಮುಂದೆ ಹಿಂದೆ ಕೂತುಕೊಂಡು ಮಾತಿಲ್ಲ. ಗೇಟಿಗೆ ಹೊಡೆದಿದ್ದ ನಂಬರಿನ ತಗಡನ್ನು ಕಿತ್ತು ಕೋಳಿಗೂಡಿನ ತೂತಿಗೆ ಮುಚ್ಚಿದಳು. ಪೇಟೆಯ ಅಂಚೆ ಕಚೇರಿಯಲ್ಲಿ ಒಂದು ಪೆಟ್ಟಿಗೆ ಬಾಡಿಗೆಗೆ ಹಿಡಿದು, ಕರೆಂಟಿನ ಬಿಲ್ಲಿನಿಂದ ಹಿಡಿದು ಪಿಂಚಣಿವರೆಗೆ ಎಲ್ಲ ಕಾಗದವನ್ನೂ ಅಲ್ಲಿಗೇ ತರಿಸಿಕೊಂಡಳು. ಆ ರಸ್ತೆಯ ಹೆಸರು ಅವಳ ಬಾಯಿಂದ ಒಂದು ದಿನವೂ ಬರಲಿಲ್ಲ. ಇದನ್ನು ಹಟ ಅನ್ನುವವರು ಇದ್ದಾರೆ. ನನ್ನನ್ನು ಕೇಳಿದರೆ ಮೂರ್ಖತನ, ಅದೂ ಬೇರೆ ಕೆಲಸವಿಲ್ಲದವರ ಮೂರ್ಖತನ.

ಐಸಿಗೆ ಕಾಯಿಲೆ ಹಿಡಿದಾಗ ಅವಳ ಮಗಳು ಲೋರ್ನಾ ಬಂದು ಸಿಯಾಟಲ್‌ಗೆ ಕರೆದುಕೊಂಡು ಹೋದಳು. ಲೋರ್ನಾ ಅಲ್ಲಿ ನರ್ಸು. ಆಗಿನ್ನೂ ಹಳೇ ಗುರುತಿನ ಕಾರ್ಡು ತೋರಿಸಿದರೂ ವಿಮಾನ ಹತ್ತಿಸುತ್ತಿದ್ದರು. ಓಕಿ ಹಸುಗಳನ್ನು ನೋಡಿಕೊಂಡು ಇಲ್ಲೇ ಉಳಿದ, ಕರು ಹಾಕುವುದು ಮುಗಿದ ಮೇಲೆ ಬರುತ್ತೇನೆ ಅಂದ. ಆ ಬೇಸಿಗೆಯ ಕೊನೆಯಲ್ಲಿ ಒಂದು ದಿನ ಡೆಲ್ಫಿಯಾಳ ಮನೆಗೆ ಲೋರ್ನಾಳ ಫೋನು ಬಂತು.

"ದೊಡ್ಡಮ್ಮಾ, ಔಷಧಿ ನಿಲ್ಲಿಸಿಬಿಟ್ರು. ಚಳಿಗಾಲ ನೋಡೋದು ಕಷ್ಟ ಅಂತಾರೆ. ಅಮ್ಮ ನಿಮ್ಮಿಬ್ಬರನ್ನೂ ಕೇಳ್ತಿದಾಳೆ. ನಿನ್ನನ್ನ, ಅಪ್ಪನ್ನ."

"ನನ್ನ ಕೇಳಿದ್ಲಾ? ಅವಳ ಬಾಯಿಂದ್ಲೇ?"

"ಅವಳ ಬಾಯಿಂದ್ಲೇ. ಟಿಕೆಟ್ ನಾನು ತೆಗೀತೀನಿ. ಆದ್ರೆ ನಕ್ಷತ್ರದ ಗುರುತಿರೋ ಹೊಸ ಐಡಿ ಕಾರ್ಡ್ ಮಾಡಿಸ್ಕೋ. ಈಗ ಅದಿಲ್ದೆ ವಿಮಾನ ಹತ್ತೋಕೆ ಬಿಡೋಲ್ಲ."

ಫೋನಿಟ್ಟು ಡೆಲ್ಫಿಯಾ ಅಡುಗೆಮನೆಯಲ್ಲೇ ಕೂತು ಅತ್ತಳು. ಅಳು ಬಂದದ್ದಕ್ಕೆ ತನ್ನನ್ನೇ ಬೈದುಕೊಂಡು ಮೂಗು ಒರೆಸಿಕೊಂಡಳು. ತಂಗಿಯನ್ನು ಒಮ್ಮೆ ನೋಡಬೇಕು, ಅಷ್ಟೇ ಅವಳಿಗೆ ಬೇಕಿದ್ದದ್ದು. ಕಣ್ಣಿಗೆ ಪೊರೆ ಬಂದು ಕಾರು ಬಿಟ್ಟ ಮೇಲೆ ಲೈಸೆನ್ಸನ್ನೂ ಬಿಟ್ಟಿದ್ದಳು, ಹಾಗಾಗಿ ಅವಳ ಹತ್ತಿರ ಯಾವ ಗುರುತಿನ ಕಾರ್ಡೂ ಇರಲಿಲ್ಲ.

ಚರ್ಚಿನ ವ್ಯಾನಿನಲ್ಲಿ ಪೇಟೆಗೆ ಹೋಗಿ, ಈ ಕಾರ್ಡನ್ನೂ ಕೊಡುವ ಲೈಸೆನ್ಸ್ ಕಚೇರಿಯಲ್ಲಿ ಕೂತಳು. ಗೋಡೆಯ ಮೇಲೆ ದೊಡ್ಡದಾಗಿ ಚಿನ್ನದ ನಕ್ಷತ್ರದ ಚಿತ್ರ. ವಾಷಿಂಗ್ಟನ್ನಿನ ಯಾವ ಜಾಣನಿಗೆ ಹೊಳೆಯಿತೋ ಏನೋ, ಶಾಲೆಯಲ್ಲಿ ಚೆನ್ನಾಗಿ ಓದಿದ ಮಕ್ಕಳ ಪುಸ್ತಕಕ್ಕೆ ಟೀಚರು ಅಂಟಿಸುವಂಥ ನಕ್ಷತ್ರವನ್ನು ಈಗ ಮುದುಕ ಮುದುಕಿಯರ ಕಾರ್ಡಿಗೆ ಅಂಟಿಸುತ್ತಾರೆ. ಅದಿದ್ದರೆ ನೀನು ನೀನೇ. ಇಲ್ಲದಿದ್ದರೆ ನೀನು ಯಾರೋ.

ಕೌಂಟರಿನ ಹುಡುಗಿ ಜನನಪತ್ರ ನೋಡಿದಳು, ಮದುವೆಯ ಪತ್ರ ನೋಡಿದಳು, ತಲೆಯಾಡಿಸಿದಳು. "ಎಲ್ಲ ಸರಿಯಿದೆ ಮೇಡಂ. ಮನೆ ವಿಳಾಸ ಹೇಳಿ."

"ಅರ್ಜೀಲೇ ಬರ್ದಿದೀನಲ್ಲ, ಅಂಚೆ ಪೆಟ್ಟಿಗೆ ನಂಬರು."

"ಪೆಟ್ಟಿಗೇಲಿ ನೀವು ವಾಸ ಮಾಡಲ್ವಲ್ಲ ಮೇಡಂ. ಮನೆ ಎಲ್ಲಿದೆ?"

"ಗಿರಣಿ ದಾಟಿ, ಸಿಡಿಲು ಹೊಡೆದ ಓಕ್ ಹತ್ರ ಎಡಕ್ಕೆ. ಯಾರನ್ ಬೇಕಾದ್ರೂ ಕೇಳು."

"ರಸ್ತೆ ಹೆಸರು ಬೇಕು."

"ನನಗೆ ಬೇಡ."

ಹುಡುಗಿ ಒಳ್ಳೆಯವಳು, ಬೈಯಲಿಲ್ಲ. ಬರೀ ಉಸಿರು ಬಿಟ್ಟಳು. ಆ ಮನೆಯಲ್ಲಿ ವಾಸವಿದ್ದೀರಿ ಅನ್ನುವುದಕ್ಕೆ ಒಂದು ಕಾಗದವೂ ಇಲ್ಲ, ಅದೇ ರಸ್ತೆಯಲ್ಲಿರುವ ಬೇರೊಬ್ಬರು ನೋಟರಿ ಮುಂದೆ ಬರೆದು ಕೊಟ್ಟರೆ ನಡೆಯುತ್ತದೆ, ಬಿಲ್ಲು ಬದಲಾಯಿಸಿಕೊಂಡು ಬರುವುದಾದರೆ ತಿಂಗಳುಗಟ್ಟಲೆ ಆಗುತ್ತದೆ ಎಂದು ಬಿಡಿಸಿ ಹೇಳಿದಳು. ಅದೇ ರಸ್ತೆಯಲ್ಲಿರುವ ಬೇರೊಬ್ಬ! ಇಡೀ ಅಮೆರಿಕದಲ್ಲಿ ಆ ಬೇರೊಬ್ಬ ಒಬ್ಬನೇ ಇದ್ದ.

ಮಾರನೆಯ ದಿನ ಡೆಲ್ಫಿಯಾ ಕೋಲೂರಿಕೊಂಡು ಇಳಿಜಾರು ಇಳಿದು ಓಕಿಯ ಗೇಟಿನ ಮುಂದೆ ನಿಂತಳು. ಓಕಿ ಬೇಲಿ ಕಟ್ಟುತ್ತಿದ್ದವನು ಸುತ್ತಿಗೆ ಕೆಳಗಿಟ್ಟ. ಹೆಂಡತಿ ಸಿಯಾಟಲ್‌ಗೆ ಹೋದಮೇಲೆ ಮೈ ಇಳಿದು ಹೋಗಿತ್ತು, ಅಂಗಿ ಜೋತಾಡುತ್ತಿತ್ತು. ಡೆಲ್ಫಿಯಾ ಅದನ್ನು ನೋಡಿದಳು. ನೋಡಿ, ಇವನಿಗೆ ಅಂಗಿ ಒಗೆಯುವುದಕ್ಕೂ ಬರುವುದಿಲ್ಲ ಅಂದುಕೊಂಡಳು.

"ಒಂದು ಸಹಿ ಬೇಕು. ನಾನು ಇಲ್ಲಿದೀನಿ ಅಂತ," ಅಂದಳು, ನಮಸ್ಕಾರವಿಲ್ಲ, ಯೋಗಕ್ಷೇಮವಿಲ್ಲ.

"ಇಲ್ಲಿ ಅಂದ್ರೆ ಎಲ್ಲಿ?" ಓಕಿಯ ಬಾಯಿ ಒಂದು ಕಡೆ ನಗಲು ಹೋಯಿತು.

"ಸಹಿ ಹಾಕ್ತೀಯೋ ಇಲ್ವೋ?"

ಓಕಿ ಎರಡನೇ ಸಲ ಕೇಳಲಿಲ್ಲ. ಒಳಗೆ ಹೋಗಿ ಟೋಪಿ ಹಾಕಿಕೊಂಡು ಬಂದು ಪಿಕಪ್ಪಿನ ಬಾಗಿಲು ತೆರೆದ. ಬ್ಯಾಂಕಿನಲ್ಲಿ ನೋಟರಿ ಮುಂದೆ ಕೂತು, ಡೆಲ್ಫಿಯಾ ಟೀಟರ್ ಅನ್ನುವವಳು ಓಕಿ ಪ್ರಾಪ್ಸ್ಟ್ ರಸ್ತೆಯಲ್ಲಿ ವಾಸವಾಗಿದ್ದಾಳೆ ಎಂದು ಬರೆದು ಸಹಿ ಹಾಕಿದ. ಕೆಳಗೆ ಅವಳೂ ಸಹಿ ಹಾಕಬೇಕಿತ್ತು. ಹಾಕಿದಳು, ಕಹಿ ಔಷಧಿ ಕುಡಿಯುವ ಮುಖ ಮಾಡಿಕೊಂಡು. ಅವನು ಗೆದ್ದವನ ಹಾಗೆ ಮೀಸೆ ತಿರುವುತ್ತಾನೆಂದು ಕಾದಳು. ಅವನು ಟೋಪಿ ಎತ್ತಿಕೊಂಡು ಬಾಗಿಲು ತೆರೆದು ಹಿಡಿದ.

ವಾಪಸು ಬರುವಾಗ ಗಿರಣಿಯ ಹತ್ತಿರ ಓಕಿ ಗಾಡಿ ನಿಲ್ಲಿಸಿದ.

"ಡೆಲ್ಫಿ, ನಂಗೂ ಒಂದು ಉಪಕಾರ ಆಗ್ಬೇಕಿತ್ತು."

"ಅಷ್ಟು ಬೇಗ ಬಂತಾ ಬಿಲ್ಲು?"

"ವಸಂತದಲ್ಲಿ ನಾನು ಏರ್‌ಪೋರ್ಟ್‌ಗೆ ಹೋಗಿದ್ದೆ. ವಾಪಸ್ ಕಳಿಸಿದ್ರು. ನನ್ನ ಲೈಸೆನ್ಸ್ ಅವಧಿ ಮುಗಿದು ಐದಾರು ವರ್ಷ ಆಗಿತ್ತು, ಇಲ್ಲಿ ಯಾರು ಕೇಳ್ತಾರೆ ಅಂತ ಸುಮ್ನಿದ್ದೆ. ಹೊಸದು ಮಾಡ್ಸೋಕೆ ಹೋದ್ರೆ ಜನನಪತ್ರ ಕೇಳಿದ್ರು. ತರಿಸಿದೆ." ಓಕಿ ಸ್ಟೀರಿಂಗನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದ. "ಅದ್ರಲ್ಲಿ ನನ್ನ ಹೆಸರಿಲ್ಲ. ಗಂಡು ಕೂಸು, ಪ್ರಾಪ್ಸ್ಟ್ ಅಂತ ಇದೆ. ಅಷ್ಟೇ."

ಡೆಲ್ಫಿಯಾಳಿಗೆ ತಟ್ಟನೆ ಅರ್ಥವಾಯಿತು. ಈ ಬೆಟ್ಟದಲ್ಲಿ ಆ ಕಾಲಕ್ಕೆ ಹೆರಿಗೆ ಮಾಡಿಸುತ್ತಿದ್ದದ್ದು ಅವಳ ಅಜ್ಜಿಯೇ. ಪ್ರಾಪ್ಸ್ಟ್ ಮನೆಯಲ್ಲಿ ಮೊದಲಿನ ಎರಡು ಕೂಸುಗಳು ಹೋಗಿದ್ದವು. ಒಂದು ತಿಂಗಳು ಬದುಕಿದ ಮೇಲೆಯೇ ಕೂಸಿಗೆ ಹೆಸರಿಡಬೇಕು ಅನ್ನುವುದು ಅಜ್ಜಿಯ ಕಟ್ಟುನಿಟ್ಟು. ಕಾಗದ ಮಾತ್ರ ವಾರದೊಳಗೆ ಕಳಿಸಬೇಕು, ಅಜ್ಜಿ ಕಳಿಸಿದಳು. ಕೂಸು ಬದುಕಿತು, ಓಕಿ ಅಂತ ಕರೆದರು, ಕಾಗದದ ನೆನಪು ಯಾರಿಗೂ ಆಗಲಿಲ್ಲ.

ಅವಳು ನಕ್ಕಳು. ಎಂಥ ನಗು ಅಂತೀರಿ! ಕೋಲು ಕೆಳಗೆ ಬಿತ್ತು, ಕಣ್ಣಲ್ಲಿ ನೀರು ಬಂತು, ಪಕ್ಕೆ ಹಿಡಿದುಕೊಂಡಳು. "ಅಯ್ಯೋ ದೇವ್ರೇ! ಹೆಸರೇ ಇಲ್ದೋನ ಹೆಸರಿನ ರಸ್ತೇಲಿ ಇದೀನಲ್ಲೋ ನಾನು! ಹೋಗಿ ಹಲಗೆ ಬದಲಾಯಿಸೋ, ಗಂಡು ಕೂಸು ರಸ್ತೆ ಅಂತ ಬರೆಸು!"

ಓಕಿ ನಗು ಮುಗಿಯುವವರೆಗೆ ಕಾದ. "ಆಯ್ತು, ನಗು. ಕೋರ್ಟಲ್ಲಿ ಸರಿ ಮಾಡ್ಕೊಡ್ತಾರಂತೆ. ನನಗಿಂತ ದೊಡ್ಡೋರು ಯಾರಾದ್ರೂ ಬಂದು, ಆ ಕೂಸೇ ಇವನು ಅಂತ ಪ್ರಮಾಣ ಮಾಡ್ಬೇಕಂತೆ. ಅವತ್ತು ನೀನು ಅಜ್ಜಿ ಜೊತೆ ಬಂದಿದ್ದೆ, ನೀರು ಕಾಯಿಸ್ತಿದ್ದೆ ಅಂತ ನಮ್ಮಮ್ಮ ಹೇಳೋಳು. ಆ ಮನೇಲಿದ್ದೋರಲ್ಲಿ ಬದುಕಿರೋಳು ನೀನೊಬ್ಳೇ. ಕೇಳೋಣ ಅಂತ ನಿನ್ನ ಗೇಟಿನ ತನಕ ಬಂದು ಬಂದು ವಾಪಸ್ ಹೋಗಿದೀನಿ."

"ಯಾಕೆ, ನಾಚಿಕೆಯಾಯ್ತಾ?"

"ಆಯ್ತು. ಡೆಲ್ಫಿ, ಅವಳನ್ನ ನೋಡ್ಬೇಕು ನಾನು."

ಡೆಲ್ಫಿಯಾ ಕಣ್ಣೊರೆಸಿಕೊಂಡಳು. "ಬೀನ್ಸ್ ಬಿಡಿಸೋದಿದೆ. ಮುಗೀಲಿ, ಬರ್ತೀನಿ," ಅಂದಳು.

ಬೀನ್ಸು ಮುಗಿಯಿತು. ಆಮೇಲೆ ಟೊಮೆಟೊ ಬಾಟಲಿ ತುಂಬುವುದು ಬಂತು. ಆಮೇಲೆ ಸೊಂಟ ನೋವು ಬಂತು, ಆಮೇಲೆ ಮಳೆ ಬಂತು. ಬೇಕೆಂದರೆ ಒಂದು ಗಂಟೆಯ ಕೆಲಸ, ಅವಳಿಗೆ ಅದು ಗೊತ್ತಿತ್ತು. ಓಕಿ ಮತ್ತೆ ಬಂದ, ಟೋಪಿ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲ ಕೆಳಗೆ ನಿಂತ. ಅವಳು ಕುರ್ಚಿಯಲ್ಲಿ ತೂಗಿಕೊಳ್ಳುತ್ತ, "ಏನಪ್ಪಾ ಗಂಡು ಕೂಸೇ, ಏನ್ ಬೇಕಿತ್ತು?" ಅಂದಳು. ಅವನು ಹೇಳಿದ. ಮುಂದಿನ ವಾರ ನೋಡೋಣ ಅಂದಳು. ಮುಂದಿನ ವಾರ ಒಂದು ಬುಟ್ಟಿ ಪೀಚ್ ಹಣ್ಣು ತಂದಿಟ್ಟ. ಹಣ್ಣು ಇಟ್ಟುಕೊಂಡಳು, ಮಾತು ಕೊಡಲಿಲ್ಲ. ಚರ್ಚಿನಲ್ಲಿ ಹೆಂಗಸರಿಗೆಲ್ಲ ಕಥೆ ಹೇಳಿ, ರಸ್ತೆಯ ರಾಜನಿಗೆ ಹೆಸರೇ ಇಲ್ಲ ಎಂದು ನಗಿಸಿದಳು. ಅವರೂ ನಕ್ಕರು. ನಗುತ್ತ ಸೇಬಿನ ಕಡುಬು ತಿಂದರು. ಅವರಲ್ಲಿ ಒಬ್ಬಳಿಗಾದರೂ, ಹೋಗಿ ಸಾಕ್ಷಿ ಹೇಳಿ ಬಾರೇ ಮುದುಕಿ, ಅಲ್ಲೊಬ್ಬಳು ಸಾಯುತ್ತಿದ್ದಾಳೆ ಎಂದು ಹೇಳುವ ಬಾಯಿ ಇರಲಿಲ್ಲ. ಥೂ, ನಮ್ಮ ಊರಿನ ಭಕ್ತಿಯೇ ಇಷ್ಟು.

ಡೆಲ್ಫಿಯಾಳಿಗೆ ಐಸಿಯ ನೆನಪಿರಲಿಲ್ಲ ಅಂತಲ್ಲ. ರಾತ್ರಿ ಮಲಗುವಾಗ ತಂಗಿಯ ಹೆಸರು ಹೇಳಿ ಪ್ರಾರ್ಥನೆ ಮಾಡುತ್ತಿದ್ದಳು. ಆದರೆ ಹಗಲು ಓಕಿ ತಲೆ ತಗ್ಗಿಸಿ ನಿಂತದ್ದು ಕಂಡರೆ ಅವಳಿಗೆ ಹಿತವಾಗುತ್ತಿತ್ತು. ಇಪ್ಪತ್ತು ವರ್ಷ ಕಾದ ಊಟವನ್ನು ಒಂದೇ ತುತ್ತಿಗೆ ನುಂಗುವುದು ಹೇಗೆ? ಇನ್ನೊಂದು ಸಲ ಬರಲಿ, ಇನ್ನೊಂದು ಸಲ ಕೇಳಲಿ ಅನ್ನಿಸುತ್ತಿತ್ತು.

ಕೊನೆಗೆ ಲೋರ್ನಾಳ ಫೋನು ಬಂತು. "ದೊಡ್ಡಮ್ಮಾ, ಅಪ್ಪನ ಕಾಗದ ಏನಾಯ್ತು? ದಿನಾ ಕೇಳ್ತಾಳೆ. ಈಗ ನೀರೂ ಸರಿಯಾಗಿ ಕುಡೀತಿಲ್ಲ."

ಅವತ್ತೇ ಡೆಲ್ಫಿಯಾ ಕೋರ್ಟಿಗೆ ಹೋದಳು. ಕೈ ಎತ್ತಿ ಪ್ರಮಾಣ ಮಾಡಿದಳು. "ಆ ಕೂಸೇ ಇವನು. ಆಗ್ಲೂ ಇಷ್ಟೇ ಗಲಾಟೆ ಮಾಡ್ತಿದ್ದ," ಅಂದಳು. ನ್ಯಾಯಾಧೀಶರು ನಕ್ಕರು, ಗುಮಾಸ್ತೆ ನಕ್ಕಳು, ಓಕಿಯೂ ನಕ್ಕ, ಪಾಪ, ಋಣ ತೀರಿಸುವವನ ಹಾಗೆ ಎಲ್ಲರಿಗಿಂತ ಜೋರಾಗಿ ನಕ್ಕ. ಕಾಫಿ ಆರುವುದರೊಳಗೆ ಎಲ್ಲ ಮುಗಿಯಿತು. ತಿದ್ದಿದ ಜನನಪತ್ರ ರಾಜ್ಯದ ರಾಜಧಾನಿಯಿಂದ ಬರಬೇಕು, ಮೂರು ನಾಲ್ಕು ವಾರ ಹಿಡಿಯುತ್ತದೆ, ಅದಾದ ಮೇಲೆ ಕಾರ್ಡು ಎಂದು ಗುಮಾಸ್ತೆ ಹೇಳಿದಳು. ಓಕಿಯ ನಗು ನಿಂತಿತು. "ಬೇಗ ಆಗಲ್ವಾ?" ಎಂದು ಕೇಳಿದ. ಆಗುವುದಿಲ್ಲ ಅಂದಳು.

ಡೆಲ್ಫಿಯಾಳ ಕಾರ್ಡು ಅಷ್ಟರಲ್ಲಿ ಬಂದು ಕೂತಿತ್ತು. ಮೂಲೆಯಲ್ಲಿ ನಕ್ಷತ್ರ, ಫೋಟೋದಲ್ಲಿ ಗಂಟು ಮುಖ, ಕೆಳಗೆ ಆ ರಸ್ತೆಯ ಹೆಸರು. ಓಕಿಯೇ ಅವಳನ್ನು ಏರ್‌ಪೋರ್ಟಿಗೆ ಬಿಟ್ಟ. ಐಸಿಗೆ ಇಷ್ಟವೆಂದು ತಾನೇ ಕೊಪ್ಪರಿಗೆಯಲ್ಲಿ ಕುದಿಸಿದ ಸೇಬಿನ ಪಾಕ ಒಂದು ಬಾಟಲಿ ಕೊಟ್ಟ. ತಳ ಹಿಡಿಸಿದ್ದೀಯಾ ಎಂದು ಅವಳು ಬೈದು ಚೀಲಕ್ಕೆ ಹಾಕಿಕೊಂಡಳು. ತಪಾಸಣೆಯಲ್ಲಿ ಅದು ಕೈಚೀಲದಲ್ಲಿ ಹೋಗುವ ಹಾಗಿಲ್ಲವೆಂದು ಕಸದ ಡಬ್ಬಿಗೆ ಎಸೆದರು. ಕಾರ್ಡನ್ನು ಒಬ್ಬ ಹುಡುಗ ಯಂತ್ರಕ್ಕೆ ತೂರಿಸಿ ವಾಪಸು ಕೊಟ್ಟ, ಅವಳ ಮುಖ ನೋಡಿದ, ಹೋಗಿ ಅಂದ. ರಸ್ತೆಯ ಹೆಸರು ಯಾರೂ ಓದಲಿಲ್ಲ. ಯಾವ ಹೆಸರಿಗಾಗಿ ತಂಗಿಯ ಜೊತೆ ಮಾತು ಬಿಟ್ಟಿದ್ದಳೋ ಆ ಹೆಸರನ್ನು ಓದುವ ಪುರುಸೊತ್ತು ಲೋಕದಲ್ಲಿ ಒಬ್ಬರಿಗೂ ಇರಲಿಲ್ಲ.

ಲೋರ್ನಾಳ ಮನೆಯ ಹಿಂದಿನ ಕೋಣೆಯಲ್ಲಿ ಐಸಿ ಮಲಗಿದ್ದಳು. ಒಂದು ಹಿಡಿಯಷ್ಟು ಆಗಿದ್ದಳು. ಡೆಲ್ಫಿಯಾ ಹೋಗಿ ಕೈ ಹಿಡಿದುಕೊಂಡಳು. ಐಸಿ ಅಕ್ಕನನ್ನು ನೋಡಿದಳು, ನಕ್ಕಳು, ಆಮೇಲೆ ಅವಳ ಹೆಗಲ ಹಿಂದೆ ಬಾಗಿಲ ಕಡೆ ನೋಡಿದಳು.

"ಅವನು ಕಾರ್ ನಿಲ್ಲಿಸ್ತಿದಾನಾ?"

"ಬಂದಿಲ್ಲ ಐಸಿ. ಅವನ ಕಾಗದ ಬರೋದಿನ್ನೂ ತಡ."

"ನಿನ್ನದು ಬಂತಲ್ಲ."

"ಬಂತು."

"ಕಾಗದಕ್ಕೆ ಬರ್ಕೊಟ್ಟಿದ್ದು ಅವನೇ ಅಂತೆ. ನೀನು ಕೇಳಿದ ದಿನಾನೇ." ಐಸಿ ಉಸಿರು ತೆಗೆದುಕೊಂಡಳು. "ನೀನು ಯಾವತ್ತು ಹೋದೆ ಕೋರ್ಟಿಗೆ?"

ಎಂಬತ್ತು ವರ್ಷದಲ್ಲಿ ಡೆಲ್ಫಿಯಾಳ ನಾಲಗೆ ಯಾರ ಮುಂದೆಯೂ ಹಿಂದೆ ಸರಿದದ್ದಿಲ್ಲ. ಸುಳ್ಳು ಹೇಳಬಹುದಿತ್ತು, ಸೊಂಟ ನೋವು ಅನ್ನಬಹುದಿತ್ತು. "ತಡವಾಗಿ ಹೋದೆ," ಅಂದಳು. "ಅವನು ನನ್ನ ಬಾಗಿಲಲ್ಲಿ ನಿಂತು ಬೇಡ್ಕೊಳ್ಳೋದು ನೋಡ್ಬೇಕಿತ್ತು ನಂಗೆ."

ಐಸಿ ಅಕ್ಕನ ಮುಖವನ್ನೇ ನೋಡಿದಳು. ಆಮೇಲೆ ನಿಧಾನಕ್ಕೆ ಮೂಗು ಮುರಿದಳು. ಹಾರ್ಪರ್ ಮನೆಯವರ ಮೂಗು ಅದು. ಡೆಲ್ಫಿಯಾ ಅದನ್ನು ಎಷ್ಟೋ ಜನರ ಮೇಲೆ ಮುರಿದಿದ್ದಳು, ಎದುರಿಗೆ ನಿಂತು ನೋಡಿದ್ದು ಇದೇ ಮೊದಲು. ಐಸಿ ಕೈ ಬಿಡಿಸಿಕೊಂಡಳು.

"ಲೋರ್ನಾ, ನಿಮ್ಮಪ್ಪನಿಗೆ ಫೋನ್ ಮಾಡು. ನೀನು ಆಚೆ ಹೋಗು, ಡೆಲ್ಫಿಯಾ."

ಅಕ್ಕಾ ಅನ್ನಲಿಲ್ಲ. ಡೆಲ್ಫಿಯಾ ಆಚೆ ಹೋದಳು. ಬಾಗಿಲ ಹೊರಗೆ ನಿಂತು, ಒಳಗೆ ತಂಗಿಯ ಸಣ್ಣ ದನಿ ಹಸುಗಳ ಹೆಸರು ಹಿಡಿದು ಒಂದೊಂದನ್ನೇ ವಿಚಾರಿಸುವುದನ್ನು ಕೇಳಿಸಿಕೊಂಡಳು. ಲೋರ್ನಾ ಕುರ್ಚಿ ತಂದಿಟ್ಟಳು. ಅವಳು ಕೂರಲಿಲ್ಲ. ಆಮೇಲೆ ಅವಳನ್ನು ಒಳಗೆ ಕರೆದರು, ನೀರು ಕುಡಿಸಲು, ದಿಂಬು ಸರಿಸಲು ಬಿಟ್ಟರು. ಐಸಿ ಅದಕ್ಕೆಲ್ಲ ಥ್ಯಾಂಕ್ಸ್ ಹೇಳಿದಳು, ನರ್ಸಿಗೆ ಹೇಳುವ ಹಾಗೆ. ಆ ವಾರದ ಕೊನೆಯಲ್ಲಿ ತೀರಿಕೊಂಡಳು.

ಊರಿನಲ್ಲೇ ಹೂಳಬೇಕೆಂದು ಶವದ ಪೆಟ್ಟಿಗೆಯನ್ನು ಡೆಲ್ಫಿಯಾ ವಾಪಸು ಹೊರಟ ವಿಮಾನದ ಹೊಟ್ಟೆಯಲ್ಲೇ ಹಾಕಿದರು. ಮೇಲೆ ಕೂರುವವಳಿಗೆ ನಕ್ಷತ್ರ ಕೇಳಿದರು. ಕೆಳಗೆ ಮಲಗಿದವಳನ್ನು ಏನೂ ಕೇಳಲಿಲ್ಲ.

ಏರ್‌ಪೋರ್ಟಿನಲ್ಲಿ ಓಕಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಶವದ ಗಾಡಿ ಮುಂದೆ, ಇವರ ಪಿಕಪ್ಪು ಹಿಂದೆ. ಡೆಲ್ಫಿಯಾ ಬೈಗುಳಕ್ಕೆ ಕಾದಳು. ಬೈಯಲಿ, ಉಗಿಯಲಿ, ನಡುದಾರಿಯಲ್ಲಿ ಇಳಿಸಿ ಹೋಗಲಿ ಅಂದುಕೊಂಡಳು. ಅವನು ಅವಳ ಸೊಂಟಕ್ಕೆ ದಿಂಬು ಇಟ್ಟುಕೊಟ್ಟು ಗಾಡಿ ನಡೆಸುತ್ತಿದ್ದ. ಬೆಟ್ಟ ಹತ್ತುವಾಗ ಒಮ್ಮೆ ಬಾಯಿ ಬಿಟ್ಟ.

"ಜನನಪತ್ರ ಬಂತು, ನಿನ್ನೆ," ಅಂದ. "ಹೆಸರು ಸರಿಯಾಗೇ ಹಾಕಿದಾರೆ."